ಆಸ್ಕರ್ ಊಹೆ: ಗಿಲ್ಡ್ ಲೆಕ್ಕವೋ, ತಜ್ಞರ ಪಟ್ಟಿಯೋ, ಬೆಟ್ಟಿಂಗ್ ದರವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಿಲ್ಡ್ ಲೆಕ್ಕಕ್ಕೆ. ಆಸ್ಕರ್ ನಾಮಿನೇಷನ್ ಯಾರಿಗೆ, ಪ್ರಶಸ್ತಿ ಯಾರಿಗೆ ಎಂದು ಮುಂಚಿತವಾಗಿ ಹೇಳಲು ಜನ ಹಿಡಿಯುವ ದಾರಿಗಳು ನಾಲ್ಕು: ಹಾಲಿವುಡ್ ಗಿಲ್ಡ್‌ಗಳ (ವೃತ್ತಿ ಸಂಘಗಳ) ಪ್ರಶಸ್ತಿಗಳನ್ನು ನೋಡಿ ಲೆಕ್ಕ ಹಾಕುವುದು, ಗೋಲ್ಡ್‌ಡರ್ಬಿಯಂಥ ತಾಣಗಳ ತಜ್ಞರ ಪಟ್ಟಿ, ಬೆಟ್ಟಿಂಗ್ ದರ, ವಿಮರ್ಶಕರ ಮತ್ತು ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳು. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಬಳಸಿದ್ದೇನೆ. ಜೊತೆಗೆ ಚಂದಾ ಕಟ್ಟಿ ತರಿಸಿಕೊಳ್ಳುವ ಒಂದು ಗಣಿತದ ಮಾಡೆಲನ್ನೂ ನೋಡಿದೆ. ಆ ಚಂದಾ ನವೀಕರಿಸಲಿಲ್ಲ. ಏಕೆಂದು ಚಿತ್ರಕಥೆಯ ಮಾತು ಬಂದಾಗ ಹೇಳುತ್ತೇನೆ.

ಇಲ್ಲಿ ಇಸವಿ ಎಂದರೆ ಚಿತ್ರಗಳ ವರ್ಷ, ಸಮಾರಂಭ ನಡೆಯುವುದು ಮರುವರ್ಷ. ಇದನ್ನು ನಿಮ್ಮ ಊಹೆಯ ಲೆಕ್ಕ ಬರೆಯುವ ಶೀಟಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ. ಒಂದು ತಾಣ ಚಿತ್ರದ ವರ್ಷ ಹಾಕುತ್ತದೆ, ಇನ್ನೊಂದು ಸಮಾರಂಭದ ವರ್ಷ ಹಾಕುತ್ತದೆ. ಎರಡನ್ನೂ ನಕಲು ಮಾಡಿ ಅಂಟಿಸಿದರೆ ಇಡೀ ಕಾಲಂ ಒಂದು ಸಾಲು ಜಾರುತ್ತದೆ.

ಗಿಲ್ಡ್ ಏಕೆ? ವಿಮರ್ಶಕರಿಗೂ ಗ್ಲೋಬ್ ಮತದಾರರಿಗೂ ಆಸ್ಕರ್ ಮತ ಇಲ್ಲ. ನಿರ್ಮಾಪಕರ ಗಿಲ್ಡ್ ಪಿಜಿಎ, ನಿರ್ದೇಶಕರ ಗಿಲ್ಡ್ ಡಿಜಿಎ, ನಟರ ಸಂಘ ಸ್ಯಾಗ್, ಬರಹಗಾರರ ಗಿಲ್ಡ್ ಡಬ್ಲ್ಯುಜಿಎ, ಈ ನಾಲ್ಕರ ಒಂದಷ್ಟು ಸದಸ್ಯರು ಆಸ್ಕರ್ ಕೊಡುವ ಅಕಾಡೆಮಿಯಲ್ಲೂ ಕೂತಿದ್ದಾರೆ. ಇವುಗಳಲ್ಲಿ ಪಿಜಿಎ ತೂಕವೇ ಬೇರೆ. 2009ರಲ್ಲಿ ಅಕಾಡೆಮಿ ಅತ್ಯುತ್ತಮ ಚಿತ್ರದ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಏರಿಸಿ, ಮತ ಎಣಿಸುವ ಕ್ರಮವನ್ನೂ ಬದಲಿಸಿತು. ಪಿಜಿಎ ಅದೇ ವರ್ಷ ಅದೇ ಕ್ರಮಕ್ಕೆ ಬಂತು. ಮತದಾರ ಹತ್ತು ಚಿತ್ರಗಳಿಗೆ ಒಂದರಿಂದ ಹತ್ತರವರೆಗೆ ಸ್ಥಾನ ಕೊಡುತ್ತಾನೆ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನ ಸಿಗದಿದ್ದರೆ ಕೊನೆಯ ಚಿತ್ರವನ್ನು ತೆಗೆದು, ಅದರ ಮತಪತ್ರಗಳನ್ನು ಮುಂದಿನ ಆಯ್ಕೆಗೆ ವರ್ಗಾಯಿಸುತ್ತಾರೆ. ಯಾವುದಾದರೂ ಚಿತ್ರ ಅರ್ಧ ದಾಟುವವರೆಗೂ ಇದು ನಡೆಯುತ್ತದೆ. ಹಾಗಾಗಿ ಕೆಲವರು ತಲೆ ಮೇಲೆ ಹೊತ್ತು, ಉಳಿದವರು ಕೊನೆಗೆ ತಳ್ಳುವ ಚಿತ್ರ ಸೋಲುತ್ತದೆ. ಎಲ್ಲರೂ ಎರಡು, ಮೂರನೇ ಸ್ಥಾನದಲ್ಲಿ ಇಡುವ ಚಿತ್ರ ಮೇಲೆ ಬರುತ್ತದೆ.

2009ರಿಂದ 2024ರವರೆಗಿನ ಹದಿನಾರು ವರ್ಷಗಳಲ್ಲಿ ಪಿಜಿಎ ವಿಜೇತ ಚಿತ್ರ ಆಸ್ಕರ್ ತಪ್ಪಿಸಿಕೊಂಡದ್ದು ಮೂರೇ ಸಲ: 2015ರಲ್ಲಿ ದಿ ಬಿಗ್ ಶಾರ್ಟ್, 2016ರಲ್ಲಿ ಲಾ ಲಾ ಲ್ಯಾಂಡ್, 2019ರಲ್ಲಿ 1917. (2013ರಲ್ಲಿ ಪಿಜಿಎ ಎರಡು ಚಿತ್ರಗಳಿಗೆ ಸಮವಾಗಿ ಹೋಯಿತು, ಅವುಗಳಲ್ಲೊಂದು ಆಸ್ಕರ್ ಗೆದ್ದಿತು.) ಆ ಮೂರು ವರ್ಷಗಳಲ್ಲಿ ಆಸ್ಕರ್ ಗೆದ್ದ ಸ್ಪಾಟ್‌ಲೈಟ್, ಮೂನ್‌ಲೈಟ್, ಪ್ಯಾರಾಸೈಟ್ ಮೂರೂ ಡಬ್ಲ್ಯುಜಿಎಯ ಮೂಲ ಚಿತ್ರಕಥೆ ಪ್ರಶಸ್ತಿ ಗೆದ್ದಿದ್ದವು. ಸ್ಪಾಟ್‌ಲೈಟ್ ಮತ್ತು ಪ್ಯಾರಾಸೈಟ್ ಸ್ಯಾಗ್‌ನ ತಾರಾಬಳಗ ಪ್ರಶಸ್ತಿಯನ್ನೂ (ಚಿತ್ರದ ಇಡೀ ನಟವರ್ಗಕ್ಕೆ ಸಿಗುವಂಥದ್ದು) ಪಡೆದಿದ್ದವು. ಅಂದರೆ ಪಿಜಿಎ ಒಂದು ಕಡೆ, ಬರಹಗಾರರು ಇನ್ನೊಂದು ಕಡೆ ವಾಲಿದ ವರ್ಷದಲ್ಲಿ ಕಣ್ಣು ಮುಚ್ಚಿ ಪಿಜಿಎ ಹಿಂದೆ ಹೋಗಬೇಡಿ. ಎರಡೂ ಒಂದೇ ಚಿತ್ರವನ್ನು ತೋರಿಸಿದರೆ ಧೈರ್ಯ ಹೆಚ್ಚು, ಖಾತ್ರಿಯಲ್ಲ: ದಿ ಬಿಗ್ ಶಾರ್ಟ್ ಡಬ್ಲ್ಯುಜಿಎಯ ರೂಪಾಂತರಿತ (ಬೇರೆ ಕೃತಿಯನ್ನು ಆಧರಿಸಿದ) ಚಿತ್ರಕಥೆ ಪ್ರಶಸ್ತಿಯನ್ನೂ ಗೆದ್ದು ಆಸ್ಕರ್ ತಪ್ಪಿಸಿಕೊಂಡಿತ್ತು.

ನಿರ್ದೇಶಕರ ವಿಭಾಗಕ್ಕೆ ಹೆಚ್ಚು ಮಾತು ಬೇಡ. ಡಿಜಿಎ ಶುರುವಾದಾಗಿನಿಂದ 2024ರ ಚಿತ್ರಗಳವರೆಗೆ ಅದರ ವಿಜೇತ ಆಸ್ಕರ್ ಗೆಲ್ಲದೇ ಹೋದದ್ದು ಎಂಟೇ ಸಲ.

ಈಗ ಗಿಲ್ಡ್ ಲೆಕ್ಕದ ದೊಡ್ಡ ತಲೆನೋವು: ಡಬ್ಲ್ಯುಜಿಎ ಅರ್ಹತೆ. ಆ ಗಿಲ್ಡಿನ ಅಥವಾ ಅದರ ಜೊತೆ ಒಪ್ಪಂದ ಇರುವ ಹೊರದೇಶದ ಬರಹಗಾರರ ಸಂಘಗಳ ಕರಾರಿನಡಿ ಬರೆದ ಚಿತ್ರಕಥೆಗೆ ಮಾತ್ರ ಅಲ್ಲಿ ಪ್ರವೇಶ. ಎಷ್ಟೇ ಹೊಗಳಿಕೆ ಇದ್ದರೂ ಕರಾರಿನ ಹೊರಗೆ ಬರೆದದ್ದಾದರೆ ಪಟ್ಟಿಗೇ ಬರುವುದಿಲ್ಲ. ಬ್ರಿಟನ್, ಯುರೋಪಿನ ಚಿತ್ರಗಳು, ಸಣ್ಣ ಸ್ವತಂತ್ರ ಚಿತ್ರಗಳು ಹೀಗೆ ಸಾಲಾಗಿ ಉದುರುತ್ತವೆ. ಆಸ್ಕರ್‌ನಲ್ಲಿ ಈ ನಿಯಮ ಇಲ್ಲ.

ಪರಿಣಾಮ ನೋಡಿ. 2010ರಲ್ಲಿ ದಿ ಕಿಂಗ್ಸ್ ಸ್ಪೀಚ್ ಅನರ್ಹವಾಗಿ ಡಬ್ಲ್ಯುಜಿಎ ಇನ್ಸೆಪ್ಷನ್‌ಗೆ ಹೋಯಿತು, ಆಸ್ಕರ್ ಕಿಂಗ್ಸ್ ಸ್ಪೀಚ್‌ಗೆ. 2014ರಲ್ಲಿ ಬರ್ಡ್‌ಮ್ಯಾನ್ ಅನರ್ಹ. ಡಬ್ಲ್ಯುಜಿಎ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್‌ಗೆ, ಆಸ್ಕರ್ ಬರ್ಡ್‌ಮ್ಯಾನ್‌ಗೆ. 2020ರಲ್ಲಿ ದಿ ಫಾದರ್, 2021ರಲ್ಲಿ ಬೆಲ್‌ಫಾಸ್ಟ್, 2023ರಲ್ಲಿ ಅನಾಟಮಿ ಆಫ್ ಎ ಫಾಲ್, 2024ರಲ್ಲಿ ಕಾನ್‌ಕ್ಲೇವ್, ಎಲ್ಲದರದ್ದೂ ಇದೇ ಕಥೆ: ಗಿಲ್ಡಿನ ಪಟ್ಟಿಯಲ್ಲಿ ಹೆಸರೇ ಇಲ್ಲ, ಆಸ್ಕರ್ ಕೈಯಲ್ಲಿ. 2023ರ ಚಿತ್ರಗಳ ವಿಷಯದಲ್ಲಂತೂ ಮುಷ್ಕರದ ಕಾರಣ ಡಬ್ಲ್ಯುಜಿಎ ಸಮಾರಂಭವೇ ಏಪ್ರಿಲ್‌ಗೆ, ಆಸ್ಕರ್ ಮುಗಿದ ಮೇಲಕ್ಕೆ ಹೋಯಿತು. ಊಹೆಗೆ ಅದರಿಂದ ಏನೂ ಸಿಗಲಿಲ್ಲ.

ಚಂದಾ ಮಾಡೆಲ್ ಕೈಕೊಟ್ಟದ್ದೂ ಇಲ್ಲೇ. ಅನರ್ಹ ಚಿತ್ರದ ಮುಂದಿನ ಖಾಲಿ ಮನೆಯನ್ನು ಅದು ಸೋಲು ಎಂದೇ ಓದುತ್ತಿತ್ತು. ಸ್ಪರ್ಧೆಯಲ್ಲೇ ಇಲ್ಲದ ಚಿತ್ರಕ್ಕೆ ಸೊನ್ನೆ ಅಂಕ ಹಾಕಿದರೆ ಶೇಕಡಾವಾರು ದಶಮಾಂಶದವರೆಗೆ ತೋರಿಸಿ ಏನು ಪ್ರಯೋಜನ? ನಿಮ್ಮ ಶೀಟಿನಲ್ಲಿ ಮೂರು ಗುರುತು ಇಡಿ: ಗೆದ್ದದ್ದಕ್ಕೆ 1, ಸ್ಪರ್ಧಿಸಿ ಸೋತದ್ದಕ್ಕೆ 0, ಅನರ್ಹಕ್ಕೆ ಅಡ್ಡಗೆರೆ. ಸರಾಸರಿ ತೆಗೆಯುವಾಗ ಅಡ್ಡಗೆರೆ ಇರುವ ಮನೆಯನ್ನು ಕೂಡುವ ಮೊತ್ತದಲ್ಲೂ ಭಾಗಿಸುವ ಸಂಖ್ಯೆಯಲ್ಲೂ ಬಿಟ್ಟುಬಿಡಬೇಕು. ಮುಖ್ಯ ಸ್ಪರ್ಧಿಯೇ ಅನರ್ಹವಾದರೆ ಆ ವರ್ಷ ಡಬ್ಲ್ಯುಜಿಎ ಬದಿಗಿಟ್ಟು ಬ್ರಿಟನ್ನಿನ ಚಲನಚಿತ್ರ ಅಕಾಡೆಮಿ ಬಾಫ್ಟಾದ ಚಿತ್ರಕಥೆ ಪ್ರಶಸ್ತಿ ನೋಡಿ. ದಿ ಫಾದರ್, ಅನಾಟಮಿ ಆಫ್ ಎ ಫಾಲ್, ಕಾನ್‌ಕ್ಲೇವ್ ಮೂರನ್ನೂ ಬಾಫ್ಟಾ ಸರಿಯಾಗಿ ಹಿಡಿದಿತ್ತು. ಬೆಲ್‌ಫಾಸ್ಟ್ ಮಾತ್ರ ತಪ್ಪಿತು. ಸ್ಪರ್ಧಿಗಳೆಲ್ಲ ಅರ್ಹರಾಗಿದ್ದರೆ ಗಿಲ್ಡ್ ಕಡೆಗೇ ವಾಪಸ್ ಬನ್ನಿ. 2022ರಲ್ಲಿ ಡಬ್ಲ್ಯುಜಿಎಯ ಎರಡೂ ಪ್ರಶಸ್ತಿಗಳು ಆಸ್ಕರ್ ಜೊತೆ ಕೂಡಿದವು, ಬಾಫ್ಟಾದ ಎರಡೂ ಕೂಡಲಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕು, ವಿಭಾಗ ಬದಲಾಗುವುದು. ಮೂನ್‌ಲೈಟ್ ಗಿಲ್ಡಿನಲ್ಲಿ ಮೂಲ ಚಿತ್ರಕಥೆ, ಆಸ್ಕರ್‌ನಲ್ಲಿ ರೂಪಾಂತರಿತ. ಬಾರ್ಬಿಗೂ ಹಾಗೇ ಆಯಿತು. ಅಕಾಡೆಮಿ ಯಾವ ವಿಭಾಗಕ್ಕೆ ಹಾಕಿದೆ ಎಂದು ತಿಳಿಯುವ ತನಕ ಆ ಸಾಲನ್ನು ಪೆನ್ಸಿಲ್‌ನಲ್ಲೇ ಇಟ್ಟಿರಿ.

ನಾಮಿನೇಷನ್ ಊಹೆಗೆ ಗಿಲ್ಡ್‌ಗಳನ್ನು ಓದುವ ಕ್ರಮ ಬೇರೆ. ಪಿಜಿಎಯ ಹತ್ತರಲ್ಲಿ 2021ರಲ್ಲಿ ಎಂಟು, 2022ರಲ್ಲಿ ಏಳು, 2023ರಲ್ಲಿ ಹತ್ತಕ್ಕೆ ಹತ್ತು, 2024ರಲ್ಲಿ ಎಂಟು ಚಿತ್ರಗಳು ಆಸ್ಕರ್ ಪಟ್ಟಿಗೆ ಬಂದವು. ಬಿಟ್ಟುಹೋಗುವುದು ಹೆಚ್ಚಾಗಿ ಜನಪ್ರಿಯ ಅಮೆರಿಕನ್ ಚಿತ್ರ, ಆ ಜಾಗಕ್ಕೆ ಬರುವುದು ಇಂಗ್ಲಿಷೇತರ ಅಥವಾ ಕಲಾತ್ಮಕ ಚಿತ್ರ. 2022ರಲ್ಲಿ ಬ್ಲ್ಯಾಕ್ ಪ್ಯಾಂಥರ್‌ನ ಎರಡನೇ ಭಾಗ ಮತ್ತು ಗ್ಲಾಸ್ ಆನಿಯನ್ ಹೊರಬಿದ್ದವು, ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್ ಒಳಬಂತು. ಎಂಟನ್ನು ಪಿಜಿಎಯಿಂದ ತೆಗೆದುಕೊಂಡು ಎರಡು ಜಾಗ ಖಾಲಿ ಇಡುವುದು ನನ್ನ ಲೆಕ್ಕ.

ನಿರ್ದೇಶಕರಲ್ಲಿ ಡಿಜಿಎಯ ಐವರಿಂದ ನಾಲ್ವರು, ಜೊತೆಗೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಿಂದ ಬಂದ ಒಬ್ಬರು. 2021ರಲ್ಲಿ ಹಮಾಗುಚಿ, 2022ರಲ್ಲಿ ಓಸ್ಟ್‌ಲಂಡ್, 2023ರಲ್ಲಿ ಟ್ರಿಯೆ ಮತ್ತು ಗ್ಲೇಜರ್ ಇಬ್ಬರೂ, 2024ರಲ್ಲಿ ಫಾರ್ಜಾ. ಇವರಲ್ಲಿ ಯಾರೂ ಡಿಜಿಎಯ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ, ಎಲ್ಲರ ಚಿತ್ರವೂ ಕಾನ್ ಸ್ಪರ್ಧೆಯಲ್ಲಿತ್ತು. ಕಾರಣ ಸರಳ. ಡಿಜಿಎಯಲ್ಲಿ ಟಿವಿಯವರು, ಸಹಾಯಕ ನಿರ್ದೇಶಕರೂ ಸೇರಿ ಸಾವಿರಾರು ಮಂದಿ ಇದ್ದಾರೆ. ಅಕಾಡೆಮಿಯ ನಿರ್ದೇಶಕರ ವಿಭಾಗ ಕೆಲವೇ ನೂರು ಜನರದ್ದು, ಅದರಲ್ಲೂ ಹೊರದೇಶದವರು ಸಾಕಷ್ಟು. ಮೇಲಾಗಿ ಅಲ್ಲಿ ಐದು ಜಾಗಕ್ಕೆ ಬಿದ್ದ ಮತದ ಆರನೇ ಒಂದು ಭಾಗಕ್ಕಿಂತ ಒಂದು ಹೆಚ್ಚು ಸಿಕ್ಕರೆ ಸಾಕು. ಎಲ್ಲರಿಗೂ ಪರವಾಗಿಲ್ಲ ಅನ್ನಿಸುವ ಹೆಸರಿಗಿಂತ ಕೆಲವರು ಹಟ ಹಿಡಿದು ಮೊದಲ ಸ್ಥಾನದಲ್ಲಿಡುವ ಹೆಸರು ಒಳಗೆ ಬರುತ್ತದೆ.

ನಟನೆಯ ಪ್ರಶಸ್ತಿಗಳಲ್ಲಿ ಗಿಲ್ಡ್ ಲೆಕ್ಕ ಬಿಗಿಯಾಗಿಲ್ಲ ಎನ್ನುವುದನ್ನು ಒಪ್ಪಲೇಬೇಕು. ಸ್ಯಾಗ್‌ನ ವಿಜೇತರನ್ನು ಆರಿಸುವುದು ಸುಮಾರು 1.6 ಲಕ್ಷ ಸದಸ್ಯರ ಸಂಘ. ನಾಯಕಿ ವಿಭಾಗದಲ್ಲಿ 2018ರಿಂದ 2024ರವರೆಗಿನ ಏಳು ವರ್ಷಗಳಲ್ಲಿ ಸ್ಯಾಗ್ ಮತ್ತು ಆಸ್ಕರ್ ಕೂಡಿದ್ದು ಮೂರು ಸಲ, ಬಾಫ್ಟಾ ಮತ್ತು ಆಸ್ಕರ್ ಐದು ಸಲ. ಕೋಲ್ಮನ್, ಮೆಕ್‌ಡಾರ್ಮಂಡ್, ಎಮ್ಮಾ ಸ್ಟೋನ್, ಮೈಕಿ ಮ್ಯಾಡಿಸನ್ ನಾಲ್ವರೂ ಸ್ಯಾಗ್ ಸೋತು, ಬಾಫ್ಟಾ ಗೆದ್ದು, ಆಸ್ಕರ್ ತಂದವರು. ಹಾಗೆಂದು ಬಾಫ್ಟಾದ ನಾಮಿನೇಷನ್ ಪಟ್ಟಿಯನ್ನು ನಂಬಬೇಡಿ. ಅಲ್ಲಿ ಕೆಲವು ಹೆಸರುಗಳನ್ನು ಜ್ಯೂರಿ ಸೇರಿಸುತ್ತದೆ. 2021ರಲ್ಲಿ ಬಾಫ್ಟಾದ ಆರು ನಾಯಕಿಯರಲ್ಲಿ ಒಬ್ಬರಿಗೂ ಆಸ್ಕರ್ ನಾಮಿನೇಷನ್ ಸಿಗಲಿಲ್ಲ. ಅತ್ಯುತ್ತಮ ಚಿತ್ರಕ್ಕೂ ಬಾಫ್ಟಾ ಆಗದು. 2014ರಿಂದ 2024ರವರೆಗಿನ ಹನ್ನೊಂದರಲ್ಲಿ ಸರಿಯಾದದ್ದು ನೋಮ್ಯಾಡ್‌ಲ್ಯಾಂಡ್, ಓಪನ್‌ಹೈಮರ್ ಎರಡೇ.

ತಜ್ಞರ ಪಟ್ಟಿಯ ವಿಷಯ. ಹಣ ಬೇಡ, ಎಲ್ಲ ವಿಭಾಗಗಳೂ ಒಂದೇ ಕಡೆ ಸಿಗುತ್ತವೆ. ಕಿರುಚಿತ್ರ, ಧ್ವನಿ, ಮೇಕಪ್‌ನಂಥ ವಿಭಾಗಗಳಿಗೆ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಒಬ್ಬರನ್ನೊಬ್ಬರು ನೋಡಿ ಬರೆಯುವ ಗುಂಪು ತಡವಾಗಿ ತಿರುಗುತ್ತದೆ. 2021ರಲ್ಲಿ ದಿ ಪವರ್ ಆಫ್ ದಿ ಡಾಗ್ ತಿಂಗಳುಗಟ್ಟಲೆ ಮುಂದಿತ್ತು. ಅದರ ಎದುರಿನ ಕೋಡಾ ಚಿತ್ರಕ್ಕೆ ಇದ್ದದ್ದು ಮೂರೇ ನಾಮಿನೇಷನ್. ನಿರ್ದೇಶನವೂ ಇಲ್ಲ, ಸಂಕಲನವೂ ಇಲ್ಲ. ಆದರೂ ತಾರಾಬಳಗ ಪ್ರಶಸ್ತಿ ಬಂತು, ನಂತರ 2022ರ ಮಾರ್ಚ್ 19ಕ್ಕೆ ಪಿಜಿಎ, ಮರುದಿನ ಡಬ್ಲ್ಯುಜಿಎ. ಮಾರ್ಚ್ 27ಕ್ಕೆ ಮೂರಕ್ಕೆ ಮೂರೂ ಆಸ್ಕರ್ ಬಂತು. ಗಿಲ್ಡ್ ಕಾಲಂ ಇಟ್ಟವರಿಗೆ ಇದು ಒಂದು ವಾರ ಮೊದಲೇ ಕಾಣುತ್ತಿತ್ತು.

ಬೆಟ್ಟಿಂಗ್ ದರ ಓದುವುದಕ್ಕೆ ಮಾತ್ರ, ದುಡ್ಡು ಹಾಕುವುದಕ್ಕಲ್ಲ. ಭಾರತದಲ್ಲಂತೂ ಆ ಮಾತೇ ಬೇಡ. ದರವನ್ನು (ಒಂದು ರೂಪಾಯಿ ಹಾಕಿ ಗೆದ್ದರೆ ವಾಪಸ್ ಬರುವ ಮೊತ್ತ) ಹಾಗೇ ಓದದೆ 100ನ್ನು ದರದಿಂದ ಭಾಗಿಸಿ, ಶೇಕಡಾವಾರು ಸಿಗುತ್ತದೆ. ದರಗಳು 1.25, 5, 11, 21 ಎಂದುಕೊಳ್ಳಿ. ಬರುವುದು 80, 20, 9.1, 4.8. ಕೂಡಿದರೆ 113.9, ನೂರರ ಮೇಲಿನದ್ದು ಅಂಗಡಿಯವನ ಲಾಭ. ಪ್ರತಿಯೊಂದನ್ನೂ 1.139ರಿಂದ ಭಾಗಿಸಿದರೆ ಮುಂದಿರುವ ಚಿತ್ರದ ನಿಜವಾದ ಅಂದಾಜು ಸುಮಾರು 70. ಬಾಲದ ಕಡೆಯ ಹೆಸರುಗಳಿಗೆ ದರ ತೋರಿಸುವಷ್ಟು ಅವಕಾಶವೂ ಇರುವುದಿಲ್ಲ. ಒಟ್ಟಿನಲ್ಲಿ ದರಗಳು ಹಿಂಬಾಲಿಸುವುದೂ ಗಿಲ್ಡ್‌ಗಳನ್ನೇ.

ವಿಮರ್ಶಕರ ಪ್ರಶಸ್ತಿಗಳು ಒಳ್ಳೆಯ ಚಿತ್ರ ಹುಡುಕಲು ಸರಿ, ವಿಜೇತರನ್ನು ಹೇಳಲು ಅಲ್ಲ. ಗ್ಲೋಬ್ ಕೂಡ ಹಾಗೇ: ಪಾಯಲ್ ಕಪಾಡಿಯಾ ಅವರಿಗೆ ಅಲ್ಲಿ ನಿರ್ದೇಶಕಿ ನಾಮಿನೇಷನ್ ಬಂತು, ಆಸ್ಕರ್‌ನಲ್ಲಿ ಬರಲಿಲ್ಲ. ಒಂದು ವಿಭಾಗದಲ್ಲಿ ಮಾತ್ರ ಗ್ಲೋಬ್ ಗೆಲ್ಲುತ್ತದೆ, ಅನಿಮೇಷನ್. 2019ರಿಂದ 2024ರವರೆಗಿನ ಆರರಲ್ಲಿ ಐದು ಸಲ ಅದು ಸರಿ; ಆ ಕ್ಷೇತ್ರದವರದೇ ಆದ ಆ್ಯನಿ ಪ್ರಶಸ್ತಿಯ ಮುಖ್ಯ ವಿಜೇತ ಸರಿಯಾದದ್ದು ಎರಡೇ ಸಲ.

ನಮ್ಮ ಸುದ್ದಿಮನೆಗಳ ‘ಆಸ್ಕರ್ ರೇಸ್‌ಗೆ ಎಂಟ್ರಿ’ ಶೀರ್ಷಿಕೆಗೆ ಶೀಟಿನಲ್ಲಿ ಜಾಗವನ್ನೇ ಕೊಡಬೇಡಿ. 2023ರ ಜನವರಿಯಲ್ಲಿ ಕಾಂತಾರ, ವಿಕ್ರಾಂತ್ ರೋಣ ಇದ್ದದ್ದು 301 ಅರ್ಹ ಚಿತ್ರಗಳ ಪಟ್ಟಿಯಲ್ಲಿ. ಅಮೆರಿಕದಲ್ಲಿ ನಿಗದಿತ ಪ್ರದರ್ಶನ ಮುಗಿಸಿ ಅರ್ಜಿ ಹಾಕಿದ ಚಿತ್ರಗಳ ಹೆಸರು ಅಲ್ಲಿ ಬರುತ್ತದೆ, ಯಾರೂ ಮತ ಹಾಕಿರುವುದಿಲ್ಲ. ನಾಟು ನಾಟು ಇದ್ದದ್ದು 15 ಹಾಡುಗಳ ಕಿರುಪಟ್ಟಿಯಲ್ಲಿ, ಅದನ್ನು ಸಂಗೀತ ವಿಭಾಗದವರು ಮತ ಹಾಕಿ ಆರಿಸಿದ್ದರು. ಅಂಕ ಕೊಡುವುದಿದ್ದರೆ ಕಿರುಪಟ್ಟಿಗೆ ಕೊಡಿ.

ನನ್ನ ಆಯ್ಕೆಗೆ ಬಜೆಟ್ಟೂ ಕಾರಣ: ಗಿಲ್ಡ್ ಲೆಕ್ಕಕ್ಕೆ ಒಂದು ಶೀಟು ಸಾಕು, ಖರ್ಚು ಸೊನ್ನೆ. ಲಾಸ್ ಏಂಜಲೀಸ್‌ನ ಶನಿವಾರ ರಾತ್ರಿಯ ಸಮಾರಂಭ ನಮಗೆ ಭಾನುವಾರ ಬೆಳಗ್ಗೆ, ಕಾಫಿ ಹೊತ್ತಿಗೆ ಒಂದು ಕಾಲಂ ತುಂಬಿದರೆ ಮುಗಿಯಿತು. ದಿನಾ ದರ ನೋಡುತ್ತ ಕೂರುವುದು ನನಗೆ ಒಗ್ಗದು. ಚಿತ್ರಕ್ಕೆ ಪಿಜಿಎ 3, ಡಬ್ಲ್ಯುಜಿಎ 2, ತಾರಾಬಳಗ 2, ಡಿಜಿಎ 1 ಅಂಕ. ನಟನೆಗೆ ಸ್ಯಾಗ್ 2, ಬಾಫ್ಟಾ 2, ಸಮ ಬಂದರೆ ನಾಯಕಿಗೆ ಬಾಫ್ಟಾ. 98ನೇ ಆಸ್ಕರ್‌ನಿಂದ ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿದವರಿಗೆ ಮಾತ್ರ ಆ ವಿಭಾಗದ ಅಂತಿಮ ಮತ ಎಂಬ ನಿಯಮ ಬಂದಿದೆ. ಆದ್ದರಿಂದ ಹಳೆಯ ವರ್ಷಗಳನ್ನೂ ಅಲ್ಲಿಂದ ಮುಂದಿನವನ್ನೂ ಒಂದೇ ಸರಾಸರಿಗೆ ಸೇರಿಸದೆ ಶೀಟಿನಲ್ಲಿ ಬೇರೆ ಬಣ್ಣದಲ್ಲಿಡಿ. ಪಾತ್ರವರ್ಗ ಆಯ್ಕೆಯ ಹೊಸ ಪ್ರಶಸ್ತಿಯೂ ಅಂದೇ ಶುರುವಾದದ್ದು. ಅದಕ್ಕೆ ಹಿಂದಿನ ಅಂಕವೇ ಇಲ್ಲದ ಕಾರಣ ತಾರಾಬಳಗ ಪ್ರಶಸ್ತಿಯನ್ನೇ ಆಧಾರವಾಗಿ ಹಿಡಿಯಿರಿ.