ಬೇರ್ ಗ್ರಿಜ್ಲಿ 58 ಇಂಚು: ಹಳೆಯ ರಿಕರ್ವ್ ಬಿಲ್ಲಿನ ದೀರ್ಘ ಬಳಕೆಯ ವಿಮರ್ಶೆ

ಗ್ರಿಜ್ಲಿ ಅಮೆರಿಕದ ಬೇರ್ ಆರ್ಚರಿ ಕಂಪನಿಯ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಅದರ ಲಿಂಬಿನ (ಬಾಗುವ ತೋಳಿನ) ಮೇಲೆ 1953 ಎಂದು ಅಚ್ಚಾಗಿದ್ದರೆ ಅದು ಬಿಲ್ಲು ತಯಾರಾದ ವರ್ಷವಲ್ಲ, ಕೆನಡಾದ ಪೇಟೆಂಟಿನ ಇಸವಿ. 1960ರ ದಶಕದ ಬಿಲ್ಲುಗಳಲ್ಲೂ ಅದೇ ಅಚ್ಚಿದೆ. ‘1953ರ ಗ್ರಿಜ್ಲಿ’ ಎಂದು ಮಾರುವವರಿಗೆ ಇದು ಗೊತ್ತಿರುವುದಿಲ್ಲ, ಇಲ್ಲವೇ ಚೆನ್ನಾಗಿಯೇ ಗೊತ್ತಿರುತ್ತದೆ. ಕಾಲ ತಿಳಿಯಲು ರೈಸರಿನ (ನಡುವಿನ ಹಿಡಿಯ ಭಾಗದ) ಪದಕ ನೋಡಿ: ಮರದ ಮಟ್ಟಕ್ಕೇ ಕೂರಿಸಿದ ಲೋಹದ ನಾಣ್ಯ 1959ರಿಂದ 1970ರ ದಶಕದ ಆರಂಭದವರೆಗಿನದು, ಉಬ್ಬಿದ ಪ್ಲಾಸ್ಟಿಕ್ ಪದಕ ನಂತರದ್ದು. ಕಾರ್ಖಾನೆ ಮಿಷಿಗನ್‌ನ ಗ್ರೇಲಿಂಗ್‌ನಿಂದ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋದದ್ದು 1978ರಲ್ಲಿ. ಹಳೆಯ ವಾರ್ನಿಷ್ ಉಜ್ಜಿಸಬೇಡಿ. ಕ್ರಮಸಂಖ್ಯೆ, ಎಳೆತದ ತೂಕ (ಹೆದೆ ಎಳೆಯಲು ಬೇಕಾದ ಬಲ) ಎರಡೂ ಅಳಿಸಿಹೋಗುತ್ತವೆ.

ಬಳಕೆಗೆ ಇದು ಚುರುಕಾದ, ಹಗುರ ಬಿಲ್ಲು. ಆದರೆ ಗಿಡ್ಡದು. 28 ಇಂಚಿನ ಎಳೆತದವರೆಗೆ ನಯವಾಗಿ ಬರುತ್ತದೆ; ಅದು ದಾಟಿದರೆ ಹೆದೆಯ ಕೋನ ಚೂಪಾಗಿ ಬೆರಳುಗಳನ್ನು ಹಿಂಡುತ್ತದೆ. ಉದ್ದ ಕೈಯವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ತೂಕ 28 ಇಂಚಿನ ಎಳೆತಕ್ಕೆ. ಇಂಚೊಂದಕ್ಕೆ ಸುಮಾರು 2–3 ಪೌಂಡ್ ಏರಿಳಿತ. ಸ್ಪ್ರಿಂಗ್ ತಕ್ಕಡಿಗೆ ಹಾಕಿ ನೋಡಿದರೆ ಅನುಮಾನ ಉಳಿಯದು. ಬಾಣ ಶೆಲ್ಫಿನ (ಹಿಡಿಯ ಮೇಲೆ ಬಾಣ ಕೂರುವ ಚಾಚಿನ) ಮೇಲಿಂದಲೇ ಹೋಗುವುದರಿಂದ ಗರಿಯ ಬಾಣವೇ ಸರಿ. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್ ಶೆಲ್ಫಿಗೆ ಬಡಿದು ದಾರಿ ತಪ್ಪುತ್ತದೆ.

ಹೆದೆಯ ವಿಷಯದಲ್ಲಿ ರಾಜಿಯಿಲ್ಲ. ಡಾಕ್ರಾನ್ ಬಿ-50 (ತುಸು ಹಿಗ್ಗುವ ಪಾಲಿಯೆಸ್ಟರ್ ದಾರ), ಬಿಲ್ಲಿಗಿಂತ ಸುಮಾರು 4 ಇಂಚು ಕಡಿಮೆ, ಅಂದರೆ 54 ಇಂಚು. ಫಾಸ್ಟ್ ಫ್ಲೈಟ್‌ನಂಥ ಹಿಗ್ಗದ ದಾರ ಹಾಕಿದರೆ ಬಾಣ ಬಿಟ್ಟಾಗಿನ ಪೆಟ್ಟೆಲ್ಲ ಲಿಂಬಿನ ತುದಿಗೆ ಬೀಳುತ್ತದೆ. ಬಲಪಡಿಸದ ಹಳೆಯ ತುದಿ ಅದನ್ನು ತಾಳದೆ ಸೀಳಬಹುದು. ಬ್ರೇಸ್ ಹೈಟ್ (ಹೆದೆಗೂ ಹಿಡಿಗೂ ನಡುವಿನ ಅಂತರ) ಏಳೂವರೆ ಇಂಚಿನಿಂದ ಶುರುಮಾಡಿ. ಸದ್ದು ಇಳಿಯುವ ತನಕ ಹೆದೆಗೆ ಕೆಲವು ತಿರುವು ಕೊಡುತ್ತ ಹೋಗಿ.

ಲಿಂಬ್ ತಿರುಚಿಕೊಳ್ಳುವುದೇ ಇದರ ದೊಡ್ಡ ಕಾಯಿಲೆ. ಕಾಲಿನ ನಡುವೆ ಸಿಕ್ಕಿಸಿ ಹೆದೆಯೇರಿಸುವುದು, ಮೂಲೆಗೆ ಒರಗಿಸಿ ನಿಲ್ಲಿಸುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದು ಕಾರಣ. ಸ್ಟ್ರಿಂಗರ್ (ಹೆದೆಯೇರಿಸುವ ಹಗ್ಗ) ಬಳಸಿ. ಹೆದೆ ಇಳಿಸಿ ಎರಡು ಗೂಟದ ಮೇಲೆ ಅಡ್ಡವಾಗಿಡಿ. ಸಣ್ಣ ತಿರುಚಾದರೆ ಬಿಸಿನೀರಲ್ಲಿ ಕಾಯಿಸಿ, ವಿರುದ್ಧ ದಿಕ್ಕಿಗೆ ತುಸು ಹೆಚ್ಚೇ ತಿರುಚಿ, ತಣ್ಣಗಾಗುವವರೆಗೆ ಹಿಡಿದರೆ ಸಾಮಾನ್ಯವಾಗಿ ನೇರವಾಗುತ್ತದೆ.

ಕೊಳ್ಳುವಾಗ ಲಿಂಬಿನುದ್ದಕ್ಕೂ ಹತ್ತಿ ಉಂಡೆ ಸವರಿ. ಎಳೆ ಸಿಕ್ಕಿದಲ್ಲಿ ಫೈಬರ್‌ಗ್ಲಾಸ್ ಎದ್ದಿದೆ. ಉದ್ದಕ್ಕಿರುವ ಕೂದಲೆಳೆ ಗೆರೆಗಳು ಹೆಚ್ಚಾಗಿ ಮೇಲ್ಮೈಯವು. ಅಡ್ಡ ಬಿರುಕಿದ್ದರೆ, ಲ್ಯಾಮಿನೇಷನ್ (ಅಂಟಿಸಿದ ಪದರಗಳ) ನಡುವೆ ಕಾಗದ ತೂರಿದರೆ, ಆ ಬಿಲ್ಲಿಗೆ ಹೆದೆಯೇರಿಸಬೇಡಿ.