ಆತ್ಮರಕ್ಷಣೆಗೆ ಜೂಡೊ ಕ್ಲಬ್: ಮೂರು ವರ್ಷದ ಅನುಭವ

ಆತ್ಮರಕ್ಷಣೆ ಕಲಿಯಬೇಕೆಂದು ಮನೆ ಹತ್ತಿರದ ಒಂದು ಜೂಡೊ ಕ್ಲಬ್ ಸೇರಿ ಮೂರು ವರ್ಷವಾಯಿತು. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ. ಅದಕ್ಕೂ ಮೊದಲು ಎಂಟು ತಿಂಗಳು ಬೇರೆ ಕಡೆ ಕಲಿತಿದ್ದೆ. ಅದನ್ನು ಹೇಳದೆ ಇದನ್ನು ಯಾಕೆ ಮೆಚ್ಚಿದೆ ಅಂತ ಹೇಳಲು ಆಗುವುದಿಲ್ಲ.

ಮೊದಲ ಕಡೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಕೈ ಹಿಡಿದರೆ ಹೀಗೆ ತಿರುಗಿಸು, ಹಿಂದಿನಿಂದ ತಬ್ಬಿ ಹಿಡಿದರೆ ಹೀಗೆ ಜಾರಿಕೋ. ಜೊತೆಗಾರ ಮಾತ್ರ ಗೊಂಬೆಯ ಹಾಗೆ ನಿಂತಿರುತ್ತಿದ್ದ. ಎಂಟು ತಿಂಗಳಲ್ಲಿ ಎರಡು ಬೆಲ್ಟ್ ಬಂದವು. ಒಂದು ದಿನ ಮನೆಯಲ್ಲಿ ತಮ್ಮನಿಗೆ "ನನ್ನ ಕೈ ಗಟ್ಟಿಯಾಗಿ ಹಿಡ್ಕೋ, ಏನಾದ್ರೂ ಬಿಡ್ಬೇಡ" ಅಂದೆ. ಅವನು ಬಿಡಲಿಲ್ಲ. ಕಲಿತದ್ದೆಲ್ಲ ಮಾಡಿ ನೋಡಿದೆ, ಬಿಡಿಸಿಕೊಳ್ಳಲು ಆಗಲಿಲ್ಲ. ಇದೇ ನಂಬಿಕೆಯಲ್ಲಿ ಯಾವತ್ತಾದರೂ ಅಪಾಯಕ್ಕೆ ಸಿಕ್ಕಿಬಿದ್ದಿದ್ದರೆ ಏನು ಗತಿ ಎಂದು ರಾತ್ರಿಯೆಲ್ಲ ಯೋಚಿಸಿದೆ.

ಆಮೇಲೆ ಎಲ್ಲಿ ವಿಚಾರಿಸಿದರೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಎದುರಿನವರು ನಿಜವಾಗಿ ತಡೆಯುತ್ತಾರಾ? ಜೂಡೊದಲ್ಲಿ ಹಾಗೆ ಮಾಡುವ ಅಭ್ಯಾಸಕ್ಕೆ ರಂದೋರಿ ಎನ್ನುತ್ತಾರೆ. ನಾನು ಕೆಡವಲು ನೋಡುತ್ತೇನೆ, ಅವರೂ ನನ್ನನ್ನು ಕೆಡವಲು ನೋಡುತ್ತಾರೆ. ಯಾವ ಪಟ್ಟು ಬರುತ್ತದೆ ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಶುರು ಮಾಡಿದರು. ಜಪಾನಿನ ಹಳೆಯ ಕಾದಾಟದ ಕಲೆಯಾದ ಜುಜುತ್ಸುವಿನ ತೀರಾ ಅಪಾಯದ ಪಟ್ಟುಗಳನ್ನು ಅವರು ರಂದೋರಿಯಿಂದ ಹೊರಗಿಟ್ಟರು. ಹಾಗಾಗಿಯೇ ಉಳಿದ ಪಟ್ಟುಗಳನ್ನು ದಿನಾ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದು. ಕುಸ್ತಿ, ಬಾಕ್ಸಿಂಗ್, ಬ್ರೆಜಿಲಿಯನ್ ಜು-ಜಿತ್ಸುವಿನಲ್ಲೂ ಈ ಗುಣ ಇದೆ. ಕರಾಟೆ ಬೇಡ ಅಂತಲ್ಲ, ಕ್ಯೋಕುಶಿನ್ ಎಂಬ ಕರಾಟೆ ಶೈಲಿಯಲ್ಲಿ ಜೋರಾಗಿಯೇ ಹೊಡೆದಾಡುತ್ತಾರೆ. ಹೆಸರಿಗಿಂತ ಆ ಕ್ಲಬ್‌ನಲ್ಲಿ ಅಭ್ಯಾಸ ಹೇಗೆ ನಡೆಯುತ್ತದೆ ಅಂತ ನೋಡಿ. ಒಂದು ಕ್ಲಾಸ್ ಪೂರ್ತಿ ಕೂತು ನೋಡಲು ಬಿಡದ ಕಡೆ ನಾನಂತೂ ಸೇರುವುದಿಲ್ಲ.

ಇಲ್ಲಿ ಮೊದಲ ತಿಂಗಳು ಬರೀ ಬೀಳುವುದನ್ನು ಕಲಿಸಿದರು. ಇದಕ್ಕೆ ಉಕೆಮಿ ಎನ್ನುತ್ತಾರೆ. ಗದ್ದ ಎದೆಗೆ ಒತ್ತಬೇಕು, ತಲೆ ನೆಲಕ್ಕೆ ತಾಗಬಾರದು, ಕೈಯನ್ನು ಮೈಯಿಂದ ಸ್ವಲ್ಪ ದೂರ ಚಾಚಿ ಮ್ಯಾಟ್‌ಗೆ ಬಡಿಯಬೇಕು. ನೂರಾರು ಸಲ ಬಿದ್ದೆ. ಆಗ ಬೇಜಾರಾಗಿತ್ತು. ಹೋದ ವರ್ಷ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿ ಹಿಂದಕ್ಕೆ ಬಿದ್ದಾಗ ಗದ್ದ ತಾನಾಗಿಯೇ ಎದೆಗೆ ಬಂತು. ಮೊಣಕೈ ತರಚಿತು, ತಲೆಗೆ ಏನೂ ಆಗಲಿಲ್ಲ. ಈ ಮೂರು ವರ್ಷದಲ್ಲಿ ಯಾರೂ ನನ್ನ ಮೇಲೆ ಕೈ ಮಾಡಿಲ್ಲ. ಕಲಿತದ್ದು ಹೊರಗೆ ಉಪಯೋಗಕ್ಕೆ ಬಂದದ್ದು ಅವತ್ತೊಂದೇ ದಿನ, ಅಷ್ಟಕ್ಕೇ ನಾನು ಋಣಿ.

ಮಾಸ್ಟರ್ ಬಗ್ಗೆ ಹೇಳಲೇಬೇಕು. ಯಾರಾದರೂ ಸಾಕು ಅಂತ ಕೈ ತಟ್ಟಿ ಟ್ಯಾಪ್ ಮಾಡಿದರೆ ಎದುರಿನವರು ಆ ಕ್ಷಣವೇ ಬಿಡಬೇಕು, ತಡ ಮಾಡಿದವರನ್ನು ಅವತ್ತು ಮ್ಯಾಟ್‌ನಿಂದ ಇಳಿಸುತ್ತಾರೆ. ಯಾರ ಜೊತೆ ಅಭ್ಯಾಸ ಮಾಡುವುದಕ್ಕೆ ಇಷ್ಟವಿಲ್ಲವೋ ಬೇಡ ಎನ್ನಬಹುದು, ಕಾರಣ ಕೇಳುವುದಿಲ್ಲ. ಚಾಕು ಹಿಡಿದು ಬಂದರೆ ಏನು ಮಾಡಬೇಕು ಅಂತ ಕೇಳಿದ್ದೆ. "ಕೇಳಿದ್ದನ್ನ ಕೊಟ್ಟುಬಿಡಮ್ಮ, ದಾರಿ ಸಿಕ್ಕ ತಕ್ಷಣ ಓಡು" ಅಂದರು. ಹಿಂದಿನ ಕಡೆ ಚಾಕು ಕಸಿದುಕೊಳ್ಳುವ ಪಟ್ಟು ಕಲಿಸಿದ್ದರು, ಮರದ ಚಾಕು ಹಿಡಿದು, ನಿಧಾನಕ್ಕೆ.

ಸೇರಿ ಒಂದು ವರ್ಷವಾದಾಗ ತಮ್ಮನನ್ನು ಮತ್ತೆ ಕರೆದೆ. ಹತ್ತು ಸಲದಲ್ಲಿ ಆರು ಸಲ ಬಿಡಿಸಿಕೊಂಡೆ. ಅವನು ನನಗಿಂತ ತುಂಬಾ ಗಟ್ಟಿ, ಉಳಿದ ನಾಲ್ಕು ಸಲ ಅವನೇ ಗೆದ್ದ. ಈ ಲೆಕ್ಕ ನಿಜವಾದದ್ದು ಅನ್ನುವುದೇ ನನಗೆ ಸಮಾಧಾನ.

ಕೊರತೆಗಳೂ ಇವೆ. ಎರಡನೇ ವರ್ಷ ನನಗಿಂತ ತುಂಬಾ ತೂಕದ ಹೊಸಬನೊಬ್ಬನ ಜೊತೆ ರಂದೋರಿಗೆ ಬಿಟ್ಟರು. ಅವನಿಗೆ ತನ್ನ ಬಲದ ಮೇಲೆ ಹಿಡಿತ ಇನ್ನೂ ಬಂದಿರಲಿಲ್ಲ, ನನ್ನ ಭುಜ ಉಳುಕಿತು. ಎರಡು ತಿಂಗಳು ಮನೆಯಲ್ಲೇ ಇದ್ದೆ. ಅದು ಕ್ಲಬ್‌ನವರದೇ ತಪ್ಪು, ಅವರೂ ಒಪ್ಪಿಕೊಂಡರು. ಈಗ ಹೊಸಬರನ್ನು ಬೇಗ ರಂದೋರಿಗೆ ಇಳಿಸುವುದಿಲ್ಲ. ಒಮ್ಮೆ ಐದಾರು ಜನಕ್ಕೆ ಹುಳುಕಡ್ಡಿ ಹರಡಿತ್ತು. ಆಮೇಲಿಂದ ಪ್ರತಿ ಕ್ಲಾಸ್ ಮುಗಿದ ಮೇಲೆ ಮ್ಯಾಟ್ ಒರೆಸುತ್ತಾರೆ. ಬೆರಳಿನ ಗಂಟುಗಳು ಆಗಾಗ ನೋಯುತ್ತವೆ, ಬಟ್ಟೆ ಹಿಡಿದು ಎಳೆಯುವ ಆಟ ಅಲ್ವಾ.

ದೊಡ್ಡ ಕೊರತೆ ಅಂದರೆ ಮುಖಕ್ಕೆ ಬರುವ ಏಟಿಗೆ ಇಲ್ಲಿ ಅಭ್ಯಾಸವೇ ಇಲ್ಲ. ಜೂಡೊದ ದಪ್ಪ ಅಂಗಿಯಲ್ಲಿ ಸಿಗುವ ಹಿಡಿತ ತೆಳು ಟೀ-ಶರ್ಟ್‌ನಲ್ಲಿ ಸಿಗುವುದೂ ಇಲ್ಲ. ಅದಕ್ಕೇ ನಾಲ್ಕು ತಿಂಗಳಿಂದ ಭಾನುವಾರ ಬಾಕ್ಸಿಂಗ್‌ಗೂ ಹೋಗುತ್ತಿದ್ದೇನೆ. ಜೂಡೊದ ಎರಡು ದಿನ ಮಾತ್ರ ಬಿಟ್ಟಿಲ್ಲ.