ಹಿಸ್ಟರಿ ಟೇಬಲ್ಲಿನಲ್ಲೇ ಸತ್ತುಹೋಗಿದ್ದ ನಮ್ಮ ಬ್ಯಾಕಪ್

ಜ್ಯಾಬಿಕ್ಸ್ (ನೆಟ್‌ವರ್ಕಿನ ಮೇಲೆ ಕಣ್ಣಿಟ್ಟು ತೊಂದರೆ ತಿಳಿಸುವ ಸಾಫ್ಟ್‌ವೇರ್) ಇಟ್ಟುಕೊಂಡು ನೆಟ್‌ವರ್ಕ್ ನೋಡಿಕೊಳ್ಳುವವರು, ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಡೇಟಾಬೇಸ್ ಡಂಪ್, ಅಂದರೆ ಡೇಟಾವನ್ನು ಫೈಲಿಗೆ ಇಳಿಸಿದ ಪ್ರತಿ, ಹಾಕಿ ನೆಮ್ಮದಿಯಾಗಿ ಮಲಗುವವರು, ಇವತ್ತೇ ನಿಮ್ಮ ಬ್ಯಾಕಪ್ ಫೈಲಿನ ಕೊನೆಯ ಸಾಲು ನೋಡಿ. ನಾನು ಒಂದು ದಿನವೂ ನೋಡಿರಲಿಲ್ಲ.

ಮಡಿಕೇರಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನನ್ನ ಕೆಲಸ. ನಾಪೋಕ್ಲು, ಭಾಗಮಂಡಲ, ಸುಂಟಿಕೊಪ್ಪ, ಗೋಣಿಕೊಪ್ಪ ಕಡೆಗೆಲ್ಲ ನಮ್ಮ ಫೈಬರ್ ಹೋಗಿದೆ. ಬಹುಪಾಲು ಕಂಬದ ಮೇಲೆ, ತೋಟದ ಸಿಲ್ವರ್ ಮರಗಳ ಪಕ್ಕದಲ್ಲೇ. ಮಳೆಗಾಲದಲ್ಲಿ ಯಾವ ಕಡೆ ಮರ ಬಿದ್ದು ಲೈನ್ ಹೋಯಿತು ಅಂತ ಮೊದಲು ಹೇಳುವುದು ಜ್ಯಾಬಿಕ್ಸ್. ಅದಿಲ್ಲದಿದ್ದರೆ ಹೋಂಸ್ಟೇಯವರು ಫೋನಿನಲ್ಲಿ ಬಯ್ಯುವವರೆಗೆ ನಮಗೇನೂ ಗೊತ್ತಾಗುವುದಿಲ್ಲ.

ಜುಲೈನಲ್ಲಿ ಮೂರು ದಿನ ಕರೆಂಟ್ ಬಂದು ಹೋಗಿ ಆಟ ಆಡಿತು. ಯುಪಿಎಸ್ ಬ್ಯಾಟರಿ ಊದಿಕೊಂಡಿತ್ತು, ಬದಲಾಯಿಸೋಣ ಅಂತ ಏಪ್ರಿಲ್‌ನಿಂದ ಹೇಳುತ್ತಲೇ ಇದ್ದೆವು. ಮೂರನೇ ರಾತ್ರಿ ಸರ್ವರ್ ಐದಾರು ಸಲ ದಡಕ್ಕನೆ ಆಫ್ ಆಗಿ, ಕೊನೆಗೆ ಜ್ಯಾಬಿಕ್ಸ್‌ನ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಏಳಲೇ ಇಲ್ಲ. ಇಲ್ಲಿ ನನ್ನ ಮೊದಲ ತಪ್ಪು: ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳದೆ ಕೆಟ್ಟ ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸುವ ‘ಇನ್ನೋಡಿಬಿ ಫೋರ್ಸ್ ರಿಕವರಿ’ ಸೆಟ್ಟಿಂಗನ್ನು 1, 2, 3 ಅಂತ ಏರಿಸುತ್ತಾ 6ರವರೆಗೂ ಹೋದೆ. 4 ಮತ್ತು ಅದರ ಮೇಲೆ ಹೋದರೆ ಇದ್ದ ಡೇಟಾವೂ ಶಾಶ್ವತವಾಗಿ ಕೆಡಬಹುದು ಅಂತ ಮ್ಯಾನ್ಯುವಲ್‌ನಲ್ಲೇ ಬರೆದಿದೆ. ಕೆಟ್ಟಿತು. ಆದರೂ ನನಗೆ ಭಯ ಇರಲಿಲ್ಲ. “ಬ್ಯಾಕಪ್ ಇದೆ ಸಾರ್, ಎರಡು ಗಂಟೆ ಸಾಕು” ಅಂದಿದ್ದೆ.

ಬ್ಯಾಕಪ್ ಇತ್ತು ನಿಜ. ದಿನಕ್ಕೊಂದರಂತೆ 30 ಫೈಲು, ಹೆಸರಿನಲ್ಲಿ ತಾರೀಕು, ಎಲ್ಲವೂ ಜಿಜಿಪ್‌ನಲ್ಲಿ ಕುಗ್ಗಿಸಿದವು. ಜಿಜಿಪ್‌ನ ಪರೀಕ್ಷೆ ಹಾಕಿದರೆ ಒಂದೂ ತಕರಾರು ಇಲ್ಲ. ಹೊಸ ಮಷೀನಿಗೆ ರಿಸ್ಟೋರ್ ಮಾಡಿದೆ, ಎರರ್ ಇಲ್ಲದೆ ಮುಗಿಯಿತು. ಜ್ಯಾಬಿಕ್ಸ್ ಸರ್ವರ್ ಮಾತ್ರ ಏಳಲಿಲ್ಲ. ಟೇಬಲ್‌ಗಳ ಪಟ್ಟಿ ತೆಗೆದು ನೋಡಿದರೆ ಆಕ್ಷನ್ಸ್ ಇದೆ, ಇವೆಂಟ್ಸ್ ಇದೆ, ಗ್ರಾಫ್ಸ್ ಇದೆ, ಹಿಸ್ಟರಿ ಇದೆ. ಅಲ್ಲಿಗೆ ಪಟ್ಟಿ ಮುಗಿಯಿತು. ಹೋಸ್ಟ್ಸ್ ಇಲ್ಲ, ಐಟಮ್ಸ್ ಇಲ್ಲ, ಟ್ರಿಗರ್ಸ್ ಇಲ್ಲ, ಯೂಸರ್ಸ್ ಇಲ್ಲ.

ಆಮೇಲೆ ಅರ್ಥವಾದದ್ದು ಇದು. ಡಂಪ್ ತೆಗೆಯುವ ಕಮಾಂಡ್ ಮೈಎಸ್‌ಕ್ಯೂಎಲ್‌ಡಂಪ್, ಟೇಬಲ್‌ಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ತೆಗೆಯುತ್ತದೆ. ಜ್ಯಾಬಿಕ್ಸ್‌ನಲ್ಲಿ ಬೆಟ್ಟದಂತೆ ಬೆಳೆಯುವುದು ಅಳೆದ ಮಾಹಿತಿಯೆಲ್ಲ ಸೇರುವ ಹಿಸ್ಟರಿ ಟೇಬಲ್‌ಗಳು. ಅಕ್ಷರದ ಲೆಕ್ಕದಲ್ಲಿ ಅವು ಹೋಸ್ಟ್ಸ್‌ಗಿಂತ ಮೊದಲು ಬರುತ್ತವೆ. ಪ್ರತಿ ರಾತ್ರಿ ಡಂಪ್ ಅಲ್ಲಿಗೆ ಬಂದು 2013 ಎರರ್ ಕೊಟ್ಟು, ಅಂದರೆ ಸರ್ವರ್ ಸಂಪರ್ಕ ಕಡಿದುಕೊಂಡು, ಸಾಯುತ್ತಿತ್ತು. ಬಂದಷ್ಟನ್ನು ಜಿಜಿಪ್ ಅಚ್ಚುಕಟ್ಟಾಗಿ ಮುಚ್ಚಿ ಇಡುತ್ತಿತ್ತು. ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಪೈಪ್ ಹಾಕಿದಾಗ, ಕಮಾಂಡ್ ಓಡಿಸುವ ಶೆಲ್ ನೋಡುವುದು ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ. ಜಿಜಿಪ್ ಗೆದ್ದಿತು, ಹಾಗಾಗಿ ಸ್ಕ್ರಿಪ್ಟೂ ಗೆದ್ದಿತು. ಸ್ಕ್ರಿಪ್ಟಿನ ತಲೆಯಲ್ಲಿ ಪೈಪ್‌ಫೇಲ್ ಅಂತ ಒಂದು ಸಾಲು ಹಾಕಿದ್ದರೆ ಮೊದಲ ರಾತ್ರಿಯೇ ಸಿಕ್ಕಿಬೀಳುತ್ತಿತ್ತು. ಎರರ್‌ಗಳೇನೋ ಕ್ರಾನ್‌ನಿಂದ ರೂಟ್ ಅನ್ನುವ ಸರ್ವರಿನ ಮುಖ್ಯ ಅಕೌಂಟಿನ ಮೇಲ್‌ಬಾಕ್ಸಿಗೆ ದಿನಾ ಬಂದು ಬಿದ್ದಿದ್ದವು, ಅದನ್ನು ಯಾರು ತೆರೆಯುತ್ತಾರೆ? ಪೂರ್ತಿಯಾದ ಡಂಪಿನ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್ ಆನ್’ ಅಂತ ತಾರೀಕಿನ ಜೊತೆ ಒಂದು ಸಾಲು ಇರುತ್ತದೆ. ನಮ್ಮ ಮೂವತ್ತರಲ್ಲಿ ಒಂದರಲ್ಲೂ ಇರಲಿಲ್ಲ. ಜ್ಯಾಬಿಕ್ಸ್‌ನದಾಗಲಿ ಮೈಎಸ್‌ಕ್ಯೂಎಲ್‌ನದಾಗಲಿ ತಪ್ಪೇನಿಲ್ಲ, ಸ್ಕ್ರಿಪ್ಟ್ ಬರೆದವನು ನಾನೇ.

“ಏನ್ ಮಾರಾಯಾ, ಬ್ಯಾಕಪ್ ಉಂಟು ಅಂದಿದ್ದೆ?” ಅಂತ ಸಾರ್ ಕೇಳಿದ್ದು ಒಂದೇ ಸಲ. ಆಮೇಲೆ ಮಾತಾಡದೆ ಎದುರು ಕೂತು ಕಾಫಿ ಕುಡಿದರು. ಅದು ಬಯ್ಗುಳಕ್ಕಿಂತ ಕಷ್ಟ.

ಕೊನೆಗೆ ಸಿಕ್ಕಿದ್ದು ಒಂದು ಪೆನ್‌ಡ್ರೈವ್. ಫೆಬ್ರವರಿಯಲ್ಲಿ ಜ್ಯಾಬಿಕ್ಸನ್ನು 6.0ಯಿಂದ 7.0ಗೆ ಅಪ್‌ಗ್ರೇಡ್ ಮಾಡುವ ಮೊದಲು ಕೈಯಾರೆ ತೆಗೆದ ಡಂಪ್, ಕೊನೆಯ ಸಾಲಿನ ಸಮೇತ. ಹಳೇ ಡೇಟಾಬೇಸಿಗೆ ಹೊಸ ಜ್ಯಾಬಿಕ್ಸ್ ಸರ್ವರ್ ಕೊಟ್ಟರೆ ಅದೇ ಅಪ್‌ಗ್ರೇಡ್ ಮಾಡಿಕೊಳ್ಳುತ್ತದೆ, ಹೊಸ ಡೇಟಾಬೇಸಿಗೆ ಹಳೇ ಸರ್ವರ್ ಕೊಟ್ಟರೆ ಏಳುವುದಿಲ್ಲ, ಇದು ನೆನಪಿರಲಿ. ಅಪ್‌ಗ್ರೇಡ್ ನಡುವೆ ಡೇಟಾಬೇಸ್ ಟ್ರಿಗರ್ (ಡೇಟಾ ಬದಲಾದಾಗ ತಾನೇ ಓಡುವ ಕೋಡ್) ರಚಿಸುವಾಗ 1419 ಎರರ್ ಬಂತು. ಬೈನರಿ ಲಾಗ್ (ಡೇಟಾಬೇಸಿನ ಬದಲಾವಣೆಗಳ ದಾಖಲೆ) ಚಾಲೂ ಇದ್ದರೆ ‘ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್’ ಅನ್ನು 1 ಮಾಡಿಕೊಂಡು, ಮುಗಿದ ಮೇಲೆ 0 ಮಾಡಬೇಕು.

ರಾತ್ರಿ ಒಂದೂವರೆಗೆ ಸರ್ವರ್ ಎದ್ದಿತು. ನಾನು ಹೋಗಿ ಮಲಗಿದೆ, ಅದು ಎರಡನೇ ತಪ್ಪು. ಡೇಟಾಬೇಸಿನಲ್ಲಿದ್ದದ್ದು ಫೆಬ್ರವರಿಯ ಊರು. ಸುಂಟಿಕೊಪ್ಪದ ಸ್ವಿಚ್ ಮೇ ತಿಂಗಳಲ್ಲೇ ಬದಲಾಗಿ ಬೇರೆ ಐಪಿ ಪಡೆದಿತ್ತು. ಜ್ಯಾಬಿಕ್ಸ್ ಪಾಪ ಹಳೇ ವಿಳಾಸಕ್ಕೆ ಕೂಗಿ ಕೂಗಿ, ಡೌನ್ ಡೌನ್ ಅಂತ ಟೆಲಿಗ್ರಾಂಗೆ ಕಳಿಸಿತು. ಕಳಿಸಿದ್ದು ಯಾರಿಗೆ? ಯುಗಾದಿಗೆ ಕೆಲಸ ಬಿಟ್ಟು ಮೈಸೂರು ಸೇರಿದ ಹುಡುಗನಿಗೆ. ಬೆಳಿಗ್ಗೆ ಫೋನ್ ಮಾಡಿದ: “ಅಣ್ಣಾ, ರಾತ್ರಿಯಿಡೀ ಸುಂಟಿಕೊಪ್ಪ ಡೌನ್ ಅಂತ ಬರ್ತಿದೆ. ನಾನೇ ಬಂದು ಕಂಬ ಹತ್ಲಾ?” ರಿಸ್ಟೋರ್ ಮಾಡಿದ ಮೇಲೆ, ಸರ್ವರ್ ಚಾಲೂ ಮಾಡುವ ಮೊದಲೇ, ಆಕ್ಷನ್ಸ್ ಟೇಬಲ್ಲಿನಲ್ಲಿ ಸ್ಟೇಟಸ್ ಎಲ್ಲ 1 ಮಾಡಿ ಅಲರ್ಟ್ ನಿಲ್ಲಿಸಿ.

ಐದು ತಿಂಗಳ ಬದಲಾವಣೆಯನ್ನು ಬಿಲ್ಲಿಂಗ್ ಪಟ್ಟಿ ಮತ್ತು ಲೈನ್‌ಮನ್ ಅಣ್ಣನ ಡೈರಿ ಇಟ್ಟುಕೊಂಡು ಮತ್ತೆ ತುಂಬಿದೆವು. ಒಂಬತ್ತು ದಿನ ಹಿಡಿಯಿತು. ಡೈರಿಯ ಹಾಳೆ ಮಳೆಗೆ ಅಂಟಿಕೊಂಡು, ಕೆಲವು ಕಡೆ 3 ಯಾವುದು 8 ಯಾವುದು ತಿಳಿಯದೆ ಅವರನ್ನೇ ಕೂರಿಸಿ ಓದಿಸಿದೆ.

ಈಗ ಎರಡು ಡಂಪ್ ತೆಗೆಯುತ್ತೇನೆ. ಹಿಸ್ಟರಿ, ಟ್ರೆಂಡ್ಸ್ ಟೇಬಲ್‌ಗಳ ಚೌಕಟ್ಟು ಮಾತ್ರ ಇಟ್ಟು ಉಳಿದೆಲ್ಲವನ್ನೂ ದಿನಕ್ಕೆ ನಾಲ್ಕು ಸಲ. ಅದು ಚಿಕ್ಕದು, ನಿಮಿಷದಲ್ಲಿ ಮುಗಿಯುತ್ತದೆ, ಒಂದು ಪ್ರತಿ ಗೋಣಿಕೊಪ್ಪಕ್ಕೂ ಹೋಗುತ್ತದೆ. ಹಿಸ್ಟರಿ ಬೇರೆ, ವಾರಕ್ಕೊಮ್ಮೆ. ಕೊನೆಯ ಸಾಲು ಇಲ್ಲದಿದ್ದರೆ ಸ್ಕ್ರಿಪ್ಟ್ ನನ್ನ ಮೊಬೈಲಿಗೆ ಮೆಸೇಜ್ ಹಾಕುತ್ತದೆ. ತಿಂಗಳಿಗೊಮ್ಮೆ ಹಳೇ ಲ್ಯಾಪ್‌ಟಾಪಿಗೆ ರಿಸ್ಟೋರ್ ಮಾಡಿ ಲಾಗಿನ್ ಆಗಿ ನೋಡುತ್ತೇನೆ. ಆಗಸ್ಟ್‌ನಲ್ಲಿ ಮೊದಲ ಸಲ ಮಾಡಿದಾಗಲೇ ಇನ್ನೊಂದು ಸಿಕ್ಕಿತು: ಓಎಲ್‌ಟಿಯ (ಫೈಬರ್ ಲೈನುಗಳು ಬಂದು ಸೇರುವ ನಮ್ಮ ಕಡೆಯ ಸಾಧನ) ಆಪ್ಟಿಕಲ್ ಪವರ್ ಓದುವ ನಮ್ಮ ಸ್ಕ್ರಿಪ್ಟುಗಳು ಡೇಟಾಬೇಸಿನಲ್ಲಿ ಇರುವುದೇ ಇಲ್ಲ, ಎಕ್ಸ್‌ಟರ್ನಲ್ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುತ್ತವೆ. ಆ ಫೋಲ್ಡರನ್ನೂ, ಕಾನ್ಫಿಗ್ ಫೈಲುಗಳನ್ನೂ ಅವತ್ತೇ ಪಟ್ಟಿಗೆ ಸೇರಿಸಿದೆ.